ತಲೆಯೊಳಗಿನ ನೀಲಿ

ನನ್ನ ಗಂಡನ ತಲೆಯಲ್ಲಿ ತೂತು ಬಿದ್ದಿದೆ ಎಂದು ಮೊದಲು ಕಂಡುಹಿಡಿದವನು ಕ್ಷೌರದಂಗಡಿಯವನು. ಇವರ ತಲೆಯಲ್ಲಿ ಕತ್ತರಿಸಲು ಈಗ ಹೆಚ್ಚೇನೂ ಉಳಿದಿಲ್ಲ. ಆದರೂ ತಿಂಗಳಿಗೊಮ್ಮೆ ಹೋಗಿ, ಕುರ್ಚಿಯಲ್ಲಿ ಜಂಬದಿಂದ ಕೂತು, ಬೀದಿಯ ಎಲ್ಲ ಅಂಗಡಿಗಳ ಬೋರ್ಡುಗಳಲ್ಲಿರುವ ಅಕ್ಷರಗಳನ್ನು ಹೀಗಳೆದು ಬರದಿದ್ದರೆ ಇವರಿಗೆ ತಿಂದದ್ದು ಅರಗುವುದಿಲ್ಲ. ಆ ದಿನ ಅವನು ಬಲಗಿವಿಯ ಮೇಲ್ಭಾಗದಲ್ಲಿ ಕತ್ತರಿ ನಿಲ್ಲಿಸಿ, "ಸಾರ್, ಇಲ್ಲಿ ಗಾಯ ಆಗಿದೆಯಲ್ಲ, ಒಳಗೆ ಏನೋ ಕಪ್ಪಗೆ ಮಿಂಚ್ತಾ ಇದೆ" ಎಂದನಂತೆ. ಇವರು ಅರ್ಧ ಕ್ಷೌರಕ್ಕೇ ಎದ್ದು, ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಮನೆಗೆ ಬಂದರು.

"ನೋಡೇ, ನಿಮ್ಮ ಫ್ಯಾಕ್ಟರಿ ಮಾಲು ಹೊರಗೆ ಇಣುಕ್ತಾ ಇದೆಯಂತೆ" ಎಂದರು.

ನಾನು ಅವರನ್ನು ಕಿಟಕಿಯ ಹತ್ತಿರ ಕೂರಿಸಿ, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ಕಟ್ಟಿದ್ದ ಹಕ್ಕಳೆಯನ್ನು ಮೆಲ್ಲಗೆ ಒರೆಸಿದೆ. ಹಿಂದೆ ತಲೆಬುರುಡೆಗೆ ಕೂರಿಸಿದ್ದ ಲೋಹದ ತಟ್ಟೆಯ ಅಂಚಿನ ಮೇಲಿದ್ದ ಚರ್ಮ ಸವೆದು ಸವೆದು ಅಕ್ಕಿಕಾಳಿನಷ್ಟು ಬಾಯಿ ಬಿಟ್ಟಿತ್ತು. ಒಳಗೆ ಲೋಹ ಕಾಣುತ್ತಿತ್ತು. ಕನ್ನಡಕ ಏರಿಸಿ ನೋಡಿದೆ, ಇಳಿಸಿ ನೋಡಿದೆ. ಅದು ಬೂದು ಬಣ್ಣಕ್ಕಿತ್ತು.

"ಏನು ಬಣ್ಣ?" ಎಂದು ಕೇಳಿದರು, ಬೆನ್ನು ತಿರುಗಿಸಿ ಕೂತೇ.

"ಗಾಯದೊಳಗೆ ಬಣ್ಣ ಎಲ್ಲಿ ಕಾಣುತ್ತೆ? ಸುಮ್ನೆ ಕೂತ್ಕೊಳ್ಳಿ" ಎಂದು ಗದರಿದೆ.

ಆ ಪ್ರಶ್ನೆಯ ಹಿಂದೆ ನಮ್ಮ ಇಡೀ ಸಂಸಾರವಿದೆ. ಅದನ್ನು ಹೇಳಬೇಕಾದರೆ ನಾನು ಫ್ಯಾಕ್ಟರಿಯ ಬಾಗಿಲಿಗೇ ಹೋಗಬೇಕು. ಹೋಗುವುದಕ್ಕೆ ನನಗೇನೂ ಬೇಸರವಿಲ್ಲ. ದಿನಕ್ಕೊಂದು ಸಲ ಹೇಗೂ ಮನಸ್ಸು ಅಲ್ಲಿಗೆ ಹೋಗಿ ಬರುತ್ತದೆ.

ನಮ್ಮದು ಟ್ಯಾಂಟಲಮ್ ಫ್ಯಾಕ್ಟರಿ. ಟ್ಯಾಂಟಲಮ್ ಎಂದರೆ ಏನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ನೋಡಲು ಬೂದು, ಕೈಗೆತ್ತಿಕೊಂಡರೆ ಅಂದುಕೊಂಡದ್ದಕ್ಕಿಂತ ಭಾರ, ಒಂದೇ ಒಂದು ಆಸಿಡ್ ಬಿಟ್ಟರೆ ಬೇರೆ ಯಾವ ಆಸಿಡ್ಡಿಗೂ ಜಗ್ಗದ ಲೋಹ. ದೊಡ್ಡ ಶೆಡ್ಡಿನಲ್ಲಿ ಅದರ ತಗಡು ತಟ್ಟಿ ರಾಸಾಯನಿಕ ಕಾರ್ಖಾನೆಗಳಿಗೆ ಆಸಿಡ್ ಕಾಯಿಸುವ ಕೊಳವೆ, ಕುಲುಮೆಗೆ ಬಟ್ಟಲು, ಗಾಜಿನ ಲೇಪದ ಟ್ಯಾಂಕು ಒಡೆದರೆ ಹಚ್ಚುವ ತೇಪೆ, ಎಲ್ಲ ಮಾಡುತ್ತಿದ್ದರು. ಅಲ್ಲಿ ರಾಜ್ಯಭಾರ ಸುತ್ತಿಗೆ ಮಾಮನದು. ಅವರು ಯಾರಿಗೂ ಮಾಮನಲ್ಲ, ಆದರೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಪಕ್ಕದ ಸಣ್ಣ ಕಟ್ಟಡ ನಮ್ಮದು, ಹೆಂಗಸರದು. ಅಲ್ಲಿ ಕೆಪಾಸಿಟರ್ ಮಾಡುತ್ತಿದ್ದೆವು. ರೇಡಿಯೋ, ಟೆಲಿಫೋನು, ಕಿವಿ ಕೇಳದವರ ಯಂತ್ರ, ಹೃದಯಕ್ಕೆ ಇಡುವ ಯಂತ್ರ, ಎಲ್ಲದರ ಹೊಟ್ಟೆಯಲ್ಲೂ ನಮ್ಮ ಮಾಲು ಕೂತಿರುತ್ತಿತ್ತು. ದಾರಿಯಲ್ಲಿ ಯಾರ ಮನೆಯ ರೇಡಿಯೋ ಕೇಳಿಸಿದರೂ ನಾವು ಅದರ ಅರ್ಧ ಒಡೆತನ ನಮ್ಮದೇ ಎಂಬಂತೆ ತಲೆ ಎತ್ತಿ ನಡೆಯುತ್ತಿದ್ದೆವು.

ಟ್ಯಾಂಟಲಮ್ ಪುಡಿಯನ್ನು ಒತ್ತಿ, ಬಾಲದ ಹಾಗೆ ಒಂದು ತಂತಿ ಚುಚ್ಚಿ, ಗಾಳಿಯಿಲ್ಲದ ಕುಲುಮೆಯಲ್ಲಿ ಸುಟ್ಟ ಸಣ್ಣ ಗುಳಿಗೆಗಳು ನಮ್ಮ ಕೋಣೆಗೆ ಬರುತ್ತಿದ್ದವು. ಅವನ್ನು ಸರಳಿಗೆ ಸಾಲಾಗಿ ತೂಗುಹಾಕಿ, ತೆಳು ಆಸಿಡ್ ನೀರಿನ ತೊಟ್ಟಿಗೆ ಇಳಿಬಿಟ್ಟು, ಕರೆಂಟು ಕೊಡುವುದು ನಮ್ಮ ಕೆಲಸ. ಕರೆಂಟು ಏರಿದಂತೆ ಲೋಹದ ಮೇಲೆ ಅದರದೇ ಒಂದು ಪೊರೆ ಬೆಳೆಯುತ್ತದೆ. ಪೊರೆಗೆ ಬಣ್ಣವಿಲ್ಲ, ಆದರೆ ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುವ ಹಾಗೆ ಅದರ ಮೇಲೂ ಬೆಳಕು ಆಡುತ್ತದೆ. ಮೊದಲು ಕಂದು, ಆಮೇಲೆ ನೇರಳೆ, ಆಮೇಲೆ ಕಡುನೀಲಿ, ತಿಳಿನೀಲಿ, ಹಳದಿ, ಗುಲಾಬಿ, ಹಸಿರು. ಯಾವ ಬಣ್ಣ ಬಂದಿದೆ ಎಂದರೆ ಎಷ್ಟು ವೋಲ್ಟು ಏರಿದೆ ಎಂದು ಲೆಕ್ಕ. ಮೀಟರು ಕೆಟ್ಟ ದಿನ ನನ್ನನ್ನೇ ತೊಟ್ಟಿಯ ಮುಂದೆ ನಿಲ್ಲಿಸುತ್ತಿದ್ದರು. ನನ್ನ ಕಣ್ಣು ಅಷ್ಟು ಚುರುಕು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ಬಣ್ಣಗಳಿಗೊಂದು ಹಟವಿತ್ತು. ಮುಂದಕ್ಕೆ ಹೋಗುತ್ತವೆ, ಹಿಂದಕ್ಕೆ ಬರುವುದಿಲ್ಲ. ನೀಲಿಯಲ್ಲಿ ನಿಲ್ಲಿಸಬೇಕಾದವಳು ಪಕ್ಕದವಳ ಹತ್ತಿರ ಮಾತಿಗಿಳಿದು ಹಳದಿಗೆ ಹೋದಳೋ, ಕೆಟ್ಟಿತು. ಇನ್ನು ತಲೆಕೆಳಗಾಗಿ ನಿಂತರೂ ನೀಲಿ ಬಾರದು. ಅದಕ್ಕೇ ಆ ಕೋಣೆಯಲ್ಲಿ ನಾವು ಹೆಂಗಸರು ಮಾತನಾಡುವಾಗಲೂ ತೊಟ್ಟಿಯನ್ನೇ ನೋಡುತ್ತಿದ್ದೆವು. ಈಗಲೂ ನನ್ನ ಮಗಳು, "ಅಮ್ಮ, ನನ್ನ ಮುಖ ನೋಡಿ ಮಾತಾಡು" ಎನ್ನುತ್ತಾಳೆ.

ನಮಗೆಲ್ಲ ಹೆಸರಿನ ಬದಲು ಬಣ್ಣವಿತ್ತು. ಒಬ್ಬಳು ನೇರಳೆ, ಒಬ್ಬಳು ಹಸಿರು, ಒಬ್ಬಳು ಗುಲಾಬಿ. ನಾನು ನೀಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರ ಕೈಗೆ ಯಾವ ಬಣ್ಣ ಮೊದಲು ಸರಿಯಾಗಿ ಕೂತಿತೋ ಅದೇ ಅವಳದು. ತುಂಡಾದ ತಂತಿಯನ್ನು ಬಗ್ಗಿಸಿ ಉಂಗುರವನ್ನೋ ಹೂವನ್ನೋ ಮಾಡಿ ನಮ್ಮ ನಮ್ಮ ಬಣ್ಣಕ್ಕೆ ಏರಿಸುತ್ತಿದ್ದೆವು. ಆದರೆ ಅದನ್ನು ಸುಮ್ಮಸುಮ್ಮನೆ ಯಾರಿಗೂ ಕೊಡುವಂತಿಲ್ಲ. ಒಬ್ಬ ಗಂಡಸಿನ ಕೈಗೆ ನಮ್ಮ ಬಣ್ಣ ಹೋಯಿತೆಂದರೆ ಮಾತು ಮುಗಿದ ಹಾಗೆ. ನೇರಳೆ ತನ್ನ ಉಂಗುರವನ್ನು ಟೈಂಕೀಪರಿಗೆ ಕೊಟ್ಟಳು ಎಂದು ಗೊತ್ತಾದ ದಿನವೇ ಎಲ್ಲರೂ ಅವಳ ಮದುವೆಗೆ ಸೀರೆ ಯಾವುದು ಉಡುವುದು ಎಂದು ಚರ್ಚೆಗೆ ಕೂತಿದ್ದರು. ಅವನಿಗೆ ಇನ್ನೂ ವಿಷಯವೇ ಗೊತ್ತಿರಲಿಲ್ಲ, ಪಾಪ.

ಅಂಥ ದಿನಗಳಲ್ಲಿ ಇವರು ಬಂದರು. ಇವರು ಬೋರ್ಡು ಬರೆಯುವ ಪೇಂಟರ್. ಮೂರನೇ ಮಹಡಿಯ ಎತ್ತರದ ಗೋಡೆಗೆ ಅಕ್ಷರ ಬರೆಯುವಾಗ ಏಣಿ ಜಾರಿ ಬಿದ್ದು ತಲೆಬುರುಡೆಯ ಒಂದು ಚೂರೇ ಹೋಗಿತ್ತು. ಬದುಕಿದ್ದೇ ಹೆಚ್ಚು. ಗಾಯ ಮಾಯ್ದ ಮೇಲೆ ಬಲಗಿವಿಯ ಮೇಲೆ ಅಂಗೈಯಗಲ ಮೂಳೆಯಿಲ್ಲದೆ ಮೆತ್ತಗೆ ಉಳಿಯಿತು. ಆ ಜಾಗ ಮುಚ್ಚಲು ಟ್ಯಾಂಟಲಮ್ ತಟ್ಟೆ ಇಡಬೇಕು, ಮೈಗೆ ಒಗ್ಗುವ ಲೋಹ ಅದೇ, ಒಳಗೆ ತುಕ್ಕು ಹಿಡಿಯದು, ಕೀವು ಕಟ್ಟದು ಎಂದು ಡಾಕ್ಟರು ಹೇಳಿದ್ದರು. ತಲೆಯ ಅಚ್ಚು ತೆಗೆದು ಅದರ ಮೇಲೆ ತಗಡು ತಟ್ಟಿ ಕೊಡುವ ಕೈ ಅಂದರೆ ಸುತ್ತಿಗೆ ಮಾಮನದು. ಅಳತೆ ಕೊಡಲು ಇವರು ಉಣ್ಣೆಯ ಟೋಪಿ ಹಾಕಿಕೊಂಡು ನಮ್ಮ ಫ್ಯಾಕ್ಟರಿಗೆ ಬರತೊಡಗಿದರು. ಮಾಮನ ಶೆಡ್ಡಿನಲ್ಲಿ ಕೂರಲು ಜಾಗವಿರಲಿಲ್ಲ. ನಮ್ಮ ಕೋಣೆಯ ಜಗಲಿಯಲ್ಲಿ ಬೆಂಚು ಇತ್ತು.

ಮೊದಲ ದಿನವೇ ಕಿಟಕಿಯಿಂದ ಬಗ್ಗಿ, ಒಣಗಲು ತೂಗುಹಾಕಿದ್ದ ಸಾಲುಗಳನ್ನು ನೋಡಿ, "ಇದು ಯಾವ ಕಂಪನಿ ಪೇಂಟು?" ಎಂದು ಕೇಳಿದರು. ಕೋಣೆಯಲ್ಲಿ ನಗುವೋ ನಗು.

"ಪೇಂಟ್ ಅಲ್ಲ. ಬಣ್ಣ ಹಚ್ಚೇ ಇಲ್ಲ" ಎಂದೆ ನಾನು.

"ಹಚ್ಚದೆ ಬಣ್ಣ ಬರುತ್ತಾ? ಯಾರ ಕಿವಿ ಮೇಲೆ ಹೂವಿಡ್ತೀರಿ?"

"ನಿಮಗೆ ಅರ್ಥ ಆಗಲ್ಲ ಬಿಡಿ."

"ಅರ್ಥ ಆಗೋ ಹಾಗೆ ಹೇಳಿ. ತಲೇಲಿ ಈಗ ಬೇಕಾದಷ್ಟು ಜಾಗ ಇದೆ."

ತನ್ನ ತಲೆಯ ತೂತಿನ ಬಗ್ಗೆ ಹಾಗೆ ತಮಾಷೆ ಮಾಡುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಂದಾಗಲೆಲ್ಲ ವಾದ ಮಾಡುತ್ತಿದ್ದರು. ನಾನು ಹೇಳಿದ್ದನ್ನು ಗಮನವಿಟ್ಟು ಕೇಳಿ, ಕೊನೆಗೆ "ಸುಳ್ಳು" ಎನ್ನುತ್ತಿದ್ದರು. ಒಂದು ದಿನ ತಗಡಿನ ಮುಚ್ಚಳವೊಂದನ್ನು ಮಡಿಲಲ್ಲಿಟ್ಟುಕೊಂಡು 'ಬಣ್ಣದ ಕೋಣೆ' ಎಂದು ಬರೆದುಕೊಟ್ಟರು. ಬಿದ್ದ ಮೇಲೆ ಕೈ ಸ್ವಲ್ಪ ನಡುಗುತ್ತಿತ್ತು. ನಡುಕ ಬಂದಾಗ ಕುಂಚ ಎತ್ತಿ, ಅದು ಹೋಗುವವರೆಗೆ ಕಾದು, ಮತ್ತೆ ಇಡುತ್ತಿದ್ದರು. ಮುಖದಲ್ಲಿ ಒಂದು ಚೂರೂ ಗೋಳಿಲ್ಲ. ಅಕ್ಷರಗಳು ಗೆರೆ ಕೊಯ್ದ ಹಾಗೆ ನಿಂತಿದ್ದವು.

"ಇನ್ನು ಏಣಿ ಹತ್ತೋ ಹಾಗಿಲ್ವಲ್ಲ, ಏನು ಮಾಡ್ತೀರಿ?" ಎಂದು ಕೇಳಿದೆ.

"ನೆಲದ ಮೇಲೆ ಕೂತು ಬರೀತೀನಿ. ಅಕ್ಷರಕ್ಕೇನು, ಎತ್ತರದಲ್ಲಿ ಹುಟ್ಟಬೇಕು ಅಂತ ಇದೆಯಾ?"

ಆ ಮಾತು ಕೇಳಿದ ಸಂಜೆ ಮನೆಗೆ ನಡೆದು ಹೋಗುವಾಗ ನನಗೆ ಗೊತ್ತಾಗಿಹೋಯಿತು. ಇವರಿಗೆ ಆಗಲೇ ಬೇರೊಂದು ಹುಡುಗಿ ಮದುವೆಗೆ ಗೊತ್ತಾಗಿದ್ದಳು, ಏಣಿಯಿಂದ ಬೀಳುವುದಕ್ಕೆ ಮುಂಚೆ. ಆಪರೇಷನ್ ಹೇಗಾಗುತ್ತದೋ ಎಂದು ಡಾಕ್ಟರೇ ಗ್ಯಾರಂಟಿ ಕೊಟ್ಟಿರಲಿಲ್ಲ. ಹಾಗಿದ್ದೂ ನನ್ನ ಮನಸ್ಸು ಮುಂದಕ್ಕೆ ಹೋಗಿಬಿಟ್ಟಿತ್ತು.

ತಟ್ಟೆ ತಯಾರಾಯಿತು. ಪೋಸ್ಟ್‌ಕಾರ್ಡಿನಷ್ಟು ತೆಳು, ಅಂಗೈ ಬಗ್ಗಿಸಿದ ಹಾಗೆ ಬಾಗು, ಅಂಚಿನ ಸುತ್ತ ಹೊಲಿಗೆಗೆ ಸಣ್ಣ ಸಣ್ಣ ತೂತು. ಮಾಮ ಅದನ್ನು ಆಸಿಡ್ಡಿನಲ್ಲಿ ತೊಳೆಯಲು ನಮ್ಮ ಕೋಣೆಗೆ ಕಳಿಸಿದರು. ತೊಳೆದದ್ದು ನಾನೇ. ತೊಳೆದು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಆ ಬೆಳಿಗ್ಗೆಯಷ್ಟೇ ತೊಟ್ಟಿಗೆ ಹೊಸ ನೀರು ಹಾಕಿದ್ದರು, ಮೇಲ್ವಿಚಾರಣೆಯ ದೊಡ್ಡಕ್ಕ ಊಟಕ್ಕೆ ಹೋಗಿದ್ದಳು, ತಟ್ಟೆ ನನ್ನ ಕೈಯಲ್ಲಿತ್ತು. ಕ್ಲಿಪ್ಪು ಹಾಕಿ ತೊಟ್ಟಿಗೆ ಇಳಿಬಿಟ್ಟು ಕರೆಂಟಿನ ಗುಂಡಿ ತಿರುಗಿಸಿದೆ. ಕಂದು ಬಂತು. ನೇರಳೆ ಬಂತು. ಸುತ್ತ ಹುಡುಗಿಯರೆಲ್ಲ ಉಸಿರು ಬಿಗಿಹಿಡಿದು ನಿಂತರು. ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದೆ. ಕಡುನೀಲಿ ಬಂತು, ನನ್ನ ನೀಲಿ. ಕೈ ತೆಗೆದೆ.

ದೊಡ್ಡಕ್ಕ ಬಂದವಳು ಬಾಗಿಲಲ್ಲೇ ಕಂಬದ ಹಾಗೆ ನಿಂತಳು. "ಏನೇ ಮಾಡ್ದೆ? ಮನುಷ್ಯನ ತಲೇಗೆ ಹೋಗೋ ವಸ್ತು ಅದು! ಅಳಿಸು ಮೊದಲು."

"ಅಳಿಸಕ್ಕಾಗಲ್ಲ ದೊಡ್ಡಕ್ಕ. ಮುಂದಕ್ಕೆ ಬೇಕಾದ್ರೆ ಹೋಗಬಹುದು, ಹಳದಿಗೋ ಹಸಿರಿಗೋ."

"ಹಸಿರು ತಲೆ ಇಟ್ಕೊಂಡು ಓಡಾಡ್ಲಿ ಅಂತಾನಾ? ನಿನಗೇನು ತಲೆ ಕೆಟ್ಟಿದೆಯಾ?" ಎಂದು ಕೂಗಿದವಳು, ನನ್ನ ಮುಖ ನೋಡಿ ತಟ್ಟನೆ ಸುಮ್ಮನಾದಳು. ಆಮೇಲೆ ತಟ್ಟೆಯನ್ನು ನೋಡಿದಳು. "ಅಯ್ಯೋ ಹುಚ್ಚಿ" ಎಂದಳು, ಬೇರೆಯೇ ದನಿಯಲ್ಲಿ.

ಮಾಮ ಅದನ್ನು ಆಸ್ಪತ್ರೆಗೆ ತಾವೇ ಒಯ್ದು ಡಾಕ್ಟರಿಗೆ ತೋರಿಸಿದರು. ಅದೇ ಲೋಹದ ಪೊರೆ ತಾನೇ, ಹೇಗೂ ಇರುವಂಥದ್ದು, ಈಗ ಸ್ವಲ್ಪ ದಪ್ಪ ಅಷ್ಟೇ, ತೊಂದರೆಯಿಲ್ಲ ಎಂದು ಡಾಕ್ಟರು ನಕ್ಕರಂತೆ. ಆಪರೇಷನ್ ಆಯಿತು. ನನ್ನ ನೀಲಿಯ ಮೇಲೆ ಚರ್ಮ ಮುಚ್ಚಿ ಹೊಲಿದರು.

ಇವರು ಮನೆಗೆ ಬರುವಷ್ಟರಲ್ಲಿ ಆ ಹುಡುಗಿಯ ಮನೆಯವರು ಹಿಂದೆ ಸರಿದಿದ್ದರು. ಇವರ ಅಕ್ಕ ಮಾಮನ ಮಾತು ಕೇಳಿ ನಮ್ಮ ಮನೆಗೆ ಬಂದು, ಅಮ್ಮನ ಮುಂದೆ ಕೂತು ಕಣ್ಣೀರು ಹಾಕಿ, "ನಮ್ಮ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ ಇನ್ನು" ಎಂದು ಗೋಳಾಡಿದಳು. ನಾನು ಅಡುಗೆಮನೆಯಿಂದಲೇ, "ನಾನು ಆಗ್ತೀನಿ" ಎಂದೆ. ಆ ಕಣ್ಣೀರೇ ಎಲ್ಲ ಕೆಡಿಸಿತು. ಇವರ ಅಕ್ಕ ಅದನ್ನು ಮನೆಮಂದಿಗೆಲ್ಲ ವರ್ಣಿಸಿ ವರ್ಣಿಸಿ ಹೇಳಿದಳು: ಹುಡುಗಿ ಕರುಣಾಮಯಿ, ಒಂದೇ ಮಾತಿಗೆ ಒಪ್ಪಿಬಿಟ್ಟಳು.

ಮದುವೆಯಾದ ಮೇಲೆ ನಾನು ತಟ್ಟೆಯ ಬಣ್ಣದ ವಿಷಯ ಹೇಳಿದೆ. ಇವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಬಣ್ಣ ಹಚ್ಚದೆ ಬಣ್ಣ! ಹಚ್ಚಿದರೂ ರಕ್ತ ಮಾಂಸದ ನಡುವೆ ನಿಲ್ಲುತ್ತಾ? ನನ್ನ ಒಳ್ಳೇ ಎನಾಮೆಲ್ ಪೇಂಟೇ ಎರಡು ಬೇಸಿಗೆಗೆ ಸಿಪ್ಪೆ ಏಳುತ್ತೆ." ಮಾಮ ಬಂದು ಸಾಕ್ಷಿ ಹೇಳಿದರು. "ನಿಮ್ಮ ಹುಡುಗಿ ಪರ ನೀವಲ್ಲದೆ ಇನ್ನಾರು ಹೇಳ್ತಾರೆ ಮಾಮ" ಎಂದು ಅವರಿಗೂ ಕಾಫಿ ಕೊಟ್ಟು ಕಳಿಸಿದರು. ಯಾವಾಗ ಎಕ್ಸ್‌ರೇ ತೆಗೆಸಿದರೂ ಟ್ಯಾಂಟಲಮ್ ತಟ್ಟೆ ಬಿಳಿ ಬಿಲ್ಲೆಯಾಗಿ ಹೊಳೆಯುತ್ತಿತ್ತು. ಆ ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲ್ಲೇ ನಿನ್ನ ನೀಲಿ?" ಎನ್ನುತ್ತಿದ್ದರು. ಎಕ್ಸ್‌ರೇಯಲ್ಲಿ ಎಲ್ಲವೂ ಕಪ್ಪು ಬಿಳುಪೇ ಎಂದರೆ, "ಅನುಕೂಲವಾಯ್ತು ಬಿಡು" ಎನ್ನುತ್ತಿದ್ದರು.

ತಮಾಷೆ ತಮಾಷೆಯಾಗಿಯೇ ಉಳಿದಿದ್ದರೆ ನನಗೇನೂ ಇಲ್ಲ. ಇವರು ಆಮೇಲೆ ಒಂದು ಸಣ್ಣ ಅಂಗಡಿ ಇಟ್ಟು, ನೆಲದ ಮೇಲೆ ಕೂತು, ಗಾಡಿಗಳ ನಂಬರು, ವಕೀಲರ ಹೆಸರು, ಡಾಕ್ಟರ ಬೋರ್ಡು ಬರೆದು ಸಂಸಾರ ತೂಗಿಸಿದರು. ನಾನು ಫ್ಯಾಕ್ಟರಿ ಮುಚ್ಚುವವರೆಗೂ ದುಡಿದೆ. ಒಳ್ಳೆಯ ಸಂಸಾರವೇ. ಆದರೆ ಜಗಳ ಬಂದು, ಮಾತಿಗೆ ಮಾತು ಬೆಳೆದು, ಇವರಿಗೆ ಮಾತು ಮುಗಿದಾಗ ಒಂದು ಮಾತು ಬರುತ್ತಿತ್ತು: "ಕನಿಕರಕ್ಕೆ ಕಟ್ಕೊಂಡೋಳು ನೀನು, ನಿನ್ನ ಹತ್ರ ನಾನೇನು ಕೇಳೋದು." ಅಷ್ಟು ಹೇಳಿ ಎದ್ದು ಹೋಗುತ್ತಿದ್ದರು. ಗಂಡ ನನ್ನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ, ಕುಡಿಯಲಿಲ್ಲ. ಈ ಒಂದು ಮಾತನ್ನು ಮಾತ್ರ ನನಗೆ ಯಾವತ್ತೂ ನುಂಗಿಕೊಳ್ಳಲಾಗಲಿಲ್ಲ. ಏಕೆಂದರೆ ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಕನಿಕರಕ್ಕೆ ಕೈಹಿಡಿದ ಹೆಂಡತಿ ಎಂದುಕೊಂಡು ಒಬ್ಬ ಮನುಷ್ಯ ಆಯುಷ್ಯವೆಲ್ಲ ತಲೆ ತಗ್ಗಿಸಿ ಬದುಕುವುದೆಂದರೆ ಏನು ಸಂಕಟ! ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಅವರ ತಲೆಯೊಳಗೇ ಇತ್ತು, ಅವರಿಗೆ ನೋಡಲಾಗದ ಕಡೆ.

ಈಗ ಅದು ಹೊರಗೆ ಇಣುಕಿತ್ತು, ಬೂದು ಬಣ್ಣಕ್ಕೆ.

ಮಗಳು ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ಕಂಡರೆ ಮುಖ ತಿರುಗಿಸುವ ಹುಡುಗಿ. ಗಾಯದ ಕಡೆ ನೋಡಲೇ ಇಲ್ಲ. ಡಾಕ್ಟರು ಬಹಳ ಸಮಾಧಾನದ ಮನುಷ್ಯ. ಸ್ಕ್ಯಾನ್ ತೆಗೆಸಿ, "ಟ್ಯಾಂಟಲಮ್! ಇಷ್ಟು ಹಳೇ ತಟ್ಟೆ ಈಗ ನೋಡೋಕೆ ಸಿಗೋದೇ ಅಪರೂಪ" ಎಂದು ಸಂತೋಷಪಟ್ಟರು. ಈಗಲೂ ಸೊಂಟದ ಕೀಲಿಗೆ ಸ್ಪಂಜಿನ ಹಾಗೆ ತೂತು ತೂತಾದ ಟ್ಯಾಂಟಲಮ್ ಇಡುತ್ತಾರಂತೆ, ಮೂಳೆ ಅದರೊಳಗೇ ಬೆಳೆದು ಹಿಡಿದುಕೊಳ್ಳುತ್ತದಂತೆ. ತಲೆಗೆ ಮಾತ್ರ ಈಗ ಬೇರೆ ಹಗುರ ಲೋಹ, ಕಂಪ್ಯೂಟರಿನಲ್ಲಿ ಮಾಡಿದ ಅಚ್ಚು. ಹಳೆಯದು ಕೆಟ್ಟಿಲ್ಲ, ಮೇಲಿನ ಚರ್ಮ ಸವೆದಿದೆ, ಸೋಂಕು ತಗಲುವ ಮೊದಲು ತೆಗೆದು ಹೊಸದು ಇಡಬೇಕು ಎಂದರು. ಈ ವಯಸ್ಸಿಗೆ, ಈ ಹೃದಯಕ್ಕೆ, ಅಪಾಯ ಇದ್ದೇ ಇದೆ ಎಂದೂ ಹೇಳಿದರು.

"ಡಾಕ್ಟ್ರೇ, ತೆಗೆದಿದ್ದನ್ನ ಎಸೀಬೇಡಿ. ನನಗೆ ಬೇಕು" ಎಂದರು ಇವರು.

"ತೊಳೆದು ಕೊಡಿಸ್ತೀನಿ. ನೆನಪಿಗಾ?"

"ನೆನಪಿಗಲ್ಲ. ಮನೇಲೊಂದು ಹಳೇ ವ್ಯಾಜ್ಯ ಇದೆ."

ಡಾಕ್ಟರು ನಕ್ಕರು, ಮಗಳು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಪೊರೆ ಕರಗುವಂಥದ್ದಲ್ಲ ಎಂದು ನನಗೆ ಗೊತ್ತು. ಆದರೆ ಮನುಷ್ಯನ ಮೈಯೊಳಗೆ ಇಷ್ಟು ಕಾಲ ಇಟ್ಟು ನೋಡಿದವರು ನಮ್ಮ ಕೋಣೆಯಲ್ಲಿ ಯಾರಿದ್ದರು? ನನ್ನ ಕಣ್ಣಾರೆ ಕಂಡದ್ದು ಬೂದು. ನನ್ನ ಕಣ್ಣು ಯಾವತ್ತಾದರೂ ಬಣ್ಣದಲ್ಲಿ ತಪ್ಪಿದ್ದುಂಟೇ?

ಇವರೂ ಮಗಳೂ ಸೇರಿ ನನ್ನ ಕಣ್ಣಿನ ಬಗ್ಗೆ ತಲೆ ತಿನ್ನತೊಡಗಿ ಬಹಳ ದಿನವಾಗಿತ್ತು, ಅದು ಬೇರೆ ವಿಷಯ. ಪೊರೆ ಬಂದಿದೆ, ಆಪರೇಷನ್ ಮಾಡಿಸು ಎಂದು. ಇವರು ಎರಡೂ ಕಣ್ಣು ಮಾಡಿಸಿಕೊಂಡು ಹೊಸ ಮದುಮಗನ ಹಾಗೆ ಓಡಾಡುತ್ತಿದ್ದರು. ನಾನು ಒಪ್ಪಿರಲಿಲ್ಲ. ಕಪ್ಪು ರವಿಕೆಗೆ ನೀಲಿ ದಾರ ಹಾಕಿ ಹೊಲಿದೆನೆಂದು ಮಗಳು ನಕ್ಕಿದ್ದಳು. ಅದು ಅಂಗಡಿಯವನ ಟ್ಯೂಬ್‌ಲೈಟಿನ ತಪ್ಪು ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದೆ. ವೋಲ್ಟು ಓದಿದ ಕಣ್ಣಿಗೆ ಪೊರೆಯಂತೆ!

ಆಪರೇಷನ್ನಿನ ದಿನ ಬೆಳಿಗ್ಗೆ ಇವರ ತಲೆ ಪೂರ್ತಿ ಬೋಳಿಸಿದ್ದರು. ಹಸಿರು ಬಟ್ಟೆಯಲ್ಲಿ ಮಲಗಿದ್ದವರು ನನ್ನ ಕೈ ಹಿಡಿದುಕೊಂಡರು. ಕೈ ಈಗಲೂ ಸ್ವಲ್ಪ ನಡುಗುತ್ತಿತ್ತು.

"ನಾನು ಎದ್ದು ಬರ್ಲಿಲ್ಲ ಅಂದ್ರೆ ನೀನೇ ನೋಡು" ಎಂದರು.

"ಬಾಯಿ ಮುಚ್ಚಿ."

"ಅಲ್ಲ ಕಣೇ. ಇಷ್ಟು ವರ್ಷ ಸುಳ್ಳು ಸುಳ್ಳು ಅಂತ ನಾನೇ ಹೇಳ್ತಾ ಬಂದೆ. ಯಾಕೆ ಗೊತ್ತಾ? ನಿಜ ಅಂತ ಒಪ್ಕೊಂಡು, ಆಮೇಲೊಂದು ದಿನ ಅದು ಸುಳ್ಳು ಅಂತ ಗೊತ್ತಾದ್ರೆ ತಡ್ಕೊಳ್ಳೋಕೆ ಆಗಲ್ಲ ಅಂತ. ನಿಜವಾಗಿದ್ರೆ ಚೆನ್ನಾಗಿರ್ತಿತ್ತು ಅಂತ ಎಷ್ಟು ಸಲ ಅಂದ್ಕೊಂಡಿದ್ದೀನಿ ಗೊತ್ತಾ?"

ಅವರ ಕೈಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡೆ. ಗಾಡಿ ತಳ್ಳುವವನು ಬಂದು ಇವರನ್ನು ಒಯ್ದ. ಬಾಗಿಲು ಮುಚ್ಚಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಬದುಕಿ ಬರಲಿ ಎಂದು ಬೇಡಿಕೊಂಡೆ. ಬದುಕಿ ಬಂದು ಆ ಬೂದು ತಟ್ಟೆ ನೋಡಿದರೆ ಏನು ಗತಿ ಎಂದೂ ಯೋಚಿಸಿದೆ. ಎರಡೂ ಒಟ್ಟಿಗೆ ಬರುತ್ತಿದ್ದವು, ಒಂದನ್ನು ತಳ್ಳಿದರೆ ಇನ್ನೊಂದು.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು ಎಂದರು. ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ಔಷಧಿ ತರಲು ಕೆಳಗೆ ಹೋದಾಗ ನರ್ಸು ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿಟ್ಟು, "ಅಜ್ಜಾವ್ರು ಕೇಳಿದ್ರಂತೆ, ತಗೊಳ್ಳಿ" ಎಂದು ಅವಸರದಲ್ಲಿ ಹೊರಟುಹೋದಳು.

ಅದೇ ಭಾರ. ಕೈಗೆ ತಕ್ಷಣ ಗುರುತು ಸಿಕ್ಕಿತು. ತಟ್ಟೆಯನ್ನು ಹೊರತೆಗೆದು ಕಾರಿಡಾರಿನ ದೊಡ್ಡ ಕಿಟಕಿಗೆ ಹಿಡಿದೆ. ಮಾಮನ ಸುತ್ತಿಗೆಯ ಗುರುತುಗಳು ಬೆರಳಿಗೆ ಸಿಕ್ಕವು. ತಿರುಗಿಸಿ ನೋಡಿದೆ, ಬಗ್ಗಿಸಿ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಒಲೆಯ ಬೂದಿಯ ಹಾಗಿತ್ತು. ಎಲ್ಲಿಯೂ ನೀಲಿ ಇರಲಿಲ್ಲ. ನಾನು ಆ ಬೆಂಚಿನ ಮೇಲೆ ಕೂತು ಅತ್ತೆ. ಬಣ್ಣದ ಕೋಣೆಗಾಗಿ ಅತ್ತೆ, ದೊಡ್ಡಕ್ಕನಿಗಾಗಿ ಅತ್ತೆ, ಮಾಮನಿಗಾಗಿ ಅತ್ತೆ. ಆಮೇಲೆ ಮುಖ ಒರೆಸಿಕೊಂಡು ತಟ್ಟೆಯನ್ನು ನನ್ನ ಕೈಚೀಲದ ತಳಕ್ಕೆ ಹಾಕಿ, ಮೇಲೆ ಟವೆಲು ತುರುಕಿದೆ. ಆಸ್ಪತ್ರೆಯವರು ಎಸೆದುಬಿಟ್ಟರಂತೆ ಎಂದು ಹೇಳಿದರಾಯಿತು.

ಮಾರನೆಯ ದಿನ ಇವರು ಕಣ್ಣು ಬಿಟ್ಟು, ನೀರು ಕುಡಿದು, ದಿಂಬಿಗೆ ಒರಗಿ ಕೂತರು. ಮೊದಲ ಮಾತೇ, "ಎಲ್ಲಿ?"

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಆದರೆ ತಲೆತುಂಬ ಬ್ಯಾಂಡೇಜು ಸುತ್ತಿಕೊಂಡು, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗೆ ಕೈ ಚಾಚಿ ಕೂತ ಆ ಮುಖಕ್ಕೆ ನಾನು ಸುಳ್ಳು ಹೇಳಲಾರದೆ ಹೋದೆ. ಟವೆಲು ತೆಗೆದು ತಟ್ಟೆಯನ್ನು ಅವರ ಅಂಗೈಯಲ್ಲಿ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತೆ.

ಹಿಂದೆ ಮಂಚ ಕಿರುಗುಟ್ಟಿತು.

"ಅಯ್ಯಯ್ಯೋ" ಎಂದರು ಕೊನೆಗೆ.

"ಗೊತ್ತು. ಏನೂ ಹೇಳಬೇಡಿ."

"ಎಂಥ ನೀಲಿ ಕಣೇ ಇದು!"

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಕನಿಕರ ಕನಿಕರ ಎಂದವರು ಈಗ ನನ್ನ ಮೇಲೇ ಕನಿಕರ ತೋರಿಸಲು ಹೊರಟಿದ್ದಾರೆ ಎಂದುಕೊಂಡೆ. "ಸಮಾಧಾನ ಮಾಡೋಕೆ ಸುಳ್ಳು ಹೇಳಬೇಡಿ. ನನಗೂ ಕಣ್ಣಿದೆ" ಎಂದೆ.

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಬೋರ್ಡಿನ ಅಕ್ಷರ ಪರೀಕ್ಷೆ ಮಾಡುವ ಹಾಗೆ ಒಂದೊಂದೇ ಅಂಚು ನೋಡುತ್ತಿದ್ದರು. "ಎಲ್ಲ ಕಡೆ ಸಮ ಇದೆ, ಕುಂಚದ ಗೆರೆ ಇಲ್ಲ, ಎಲ್ಲೂ ಸಿಪ್ಪೆ ಎದ್ದಿಲ್ಲ. ಇಲ್ಲಿ ಒಂದು ಕಡೆ ಮಾತ್ರ ಉಗುರಿನಷ್ಟು ಬಣ್ಣ ಇಲ್ಲ, ಬರೀ ಲೋಹ. ಚೌಕಾಕಾರಕ್ಕಿದೆ. ಅದರ ಸುತ್ತ ಸಣ್ಣಗೆ ಕಂದು ಗೆರೆ, ಆಮೇಲೆ ನೇರಳೆ, ಆಮೇಲೆ ನೀಲಿ ಶುರು. ಯಾಕೆ ಹೀಗಾಗಿದೆ ಇಲ್ಲಿ?"

ಕ್ಲಿಪ್ಪು. ನಾನು ಕ್ಲಿಪ್ಪು ಕಚ್ಚಿಸಿದ್ದ ಜಾಗ. ಕ್ಲಿಪ್ಪಿನ ಬಾಯಿಯ ಒಳಗೆ ಆಸಿಡ್ ನೀರು ಹೋಗುವುದಿಲ್ಲ, ಅಲ್ಲಿ ಪೊರೆ ಬೆಳೆಯುವುದಿಲ್ಲ. ಇದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ನನಗೇ ಮರೆತುಹೋಗಿತ್ತು.

ಮಂಚದ ಅಂಚಿಗೆ ಕೂತೆ. ಅವರು ತಟ್ಟೆ ಇಳಿಸಿ ನನ್ನನ್ನು ನೋಡಿದರು.

"ಆಪರೇಷನ್‌ಗೆ ಮುಂಚೇನೇ ಮಾಡಿದ್ದು" ಎಂದರು.

"ಮತ್ತೆ? ಆಮೇಲೆ ತಲೆಯೊಳಗೆ ಕೈ ಹಾಕಿ ಮಾಡೋಕಾಗುತ್ತಾ?"

"ಅಕ್ಕ ಬಂದು ಅಳೋಕೆ ಮುಂಚೆ."

"ಮುಂಚೆ."

"ನಾನು ಉಳೀತೀನೋ ಇಲ್ವೋ ಅಂತ ಯಾರಿಗೂ ಗೊತ್ತಿಲ್ದೇ ಇದ್ದಾಗ."

"ಹೌದು ರೀ. ಎಷ್ಟು ಸಲ ಹೇಳಿದ್ದೀನಿ."

ಬ್ಯಾಂಡೇಜಿನ ಕೆಳಗಿಂದ ಕಣ್ಣೀರು ಇಳಿದು ಗಡ್ಡಕ್ಕೆ ಸೇರಿತು, ಒರೆಸಿಕೊಳ್ಳಲೂ ಇಲ್ಲ. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು, "ಎಷ್ಟು ವರ್ಷ ಹಾಳು ಮಾಡ್ದೆ" ಎಂದರು. ನಾನು ಅವರ ಕೈ ಮೇಲೆ ಕೈ ಇಟ್ಟೆ. ಆಮೇಲೆ ಅವರು ನನ್ನನ್ನೇ ದಿಟ್ಟಿಸಿ ನೋಡಿದರು.

"ನೀನು ಯಾಕೆ ಅತ್ತಿದ್ದೀಯ? ನಿನ್ನೆ ಇದು ನಿನ್ನ ಕೈಗೆ ಬಂದಿತ್ತಲ್ಲ?"

ನಾನು ಟವೆಲು ಮಡಿಸತೊಡಗಿದೆ.

"ನಿನಗೆ ಇದು ಹೇಗೆ ಕಾಣುತ್ತೆ?"

"ಬೂದಿ" ಎಂದೆ.

ನಗುತ್ತಾರೆಂದುಕೊಂಡೆ. ನನ್ನ ಕಣ್ಣಿನ ಪೊರೆಯ ವಿಷಯದಲ್ಲಿ ಅವರೇ ಸರಿ ಎಂದಾಗಿತ್ತು, ಎತ್ತಿ ಆಡಿದ್ದರೂ ತಪ್ಪಿರಲಿಲ್ಲ. ಅವರು ನಗಲಿಲ್ಲ. ನನ್ನ ತೋರುಬೆರಳನ್ನು ಹಿಡಿದು ತಟ್ಟೆಯ ಮೇಲಿಟ್ಟು ಮೆಲ್ಲಗೆ ಸರಿಸಿದರು.

"ಇದು ಲೋಹ. ಇದು ಕಂದು. ಇಲ್ಲಿ ನೇರಳೆ" ಎಂದರು. "ಇಲ್ಲಿಂದ ಆ ಕೊನೆವರೆಗೂ ನೀಲಿ. ನಾನು ಹೇಳ್ತಾ ಇದ್ದೀನಲ್ಲ, ನಂಬ್ತೀಯಾ?"

"ನಂಬ್ತೀನಿ" ಎಂದೆ.